ಒಂದೇ ಮನೆಯ ಎರಡು ಕಾರುಗಳು

ಬಿಡದಿಯ ಕಾರ್ಖಾನೆಯಲ್ಲಿ 1999ರ ಕೊನೆಗೆ ಕ್ವಾಲಿಸ್ ತಯಾರಾಗತೊಡಗಿದಂದಿನಿಂದ ಟೊಯೋಟಾ ಎಂಬ ಹೆಸರು ನಮ್ಮ ಬೆಳೆಗಾರ ಬಂಧುಗಳಿಗೆ ಪರಿಚಿತವೇ. ಅದೇ ಕಂಪೆನಿ 1960ರ ದಶಕದಲ್ಲಿ ಜಪಾನಿನಲ್ಲಿ ಹೊರತಂದ ಎರಡು ಸ್ಪೋರ್ಟ್ಸ್ ಕಾರುಗಳ ಸಂಗತಿ ಮಾತ್ರ ಹೆಚ್ಚಿನವರಿಗೆ ತಿಳಿದಿರಲಾರದು. ಒಂದು 1965ರ ಸ್ಪೋರ್ಟ್ಸ್ 800, ಇನ್ನೊಂದು 1967ರ 2000 ಜಿಟಿ. ಖರ್ಚು-ಉತ್ಪತ್ತಿಯ ಲೆಕ್ಕ ಬರೆದಿಡುವ ನಮ್ಮಂಥವರು ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಚಿಕ್ಕದರ ಎಂಜಿನ್ 790 ಸಿ.ಸಿ., ಎರಡೇ ಸಿಲಿಂಡರ್, 45 ಅಶ್ವಶಕ್ತಿ. ಪಬ್ಲಿಕಾ ಎಂಬ ಅಗ್ಗದ ಸಂಸಾರಿ ಕಾರಿನ ಎಂಜಿನ್ನನ್ನೇ ತುಸು ಹಿಗ್ಗಿಸಿ ಕೂರಿಸಿದ್ದರು. ನಮ್ಮ ಔಷಧಿ ಹೊಡೆಯುವ ಸಣ್ಣ ಯಂತ್ರದಂತೆ ಅದು ಗಾಳಿಯಿಂದಲೇ ತಣಿಯುವಂಥದು. ರೇಡಿಯೇಟರಿನ ಗೊಡವೆಯೇ ಇಲ್ಲ. ಇಡೀ ಕಾರಿನ ತೂಕ 580 ಕೆ.ಜಿ., ಅಂದರೆ 50 ಕೆ.ಜಿ.ಯ ಹನ್ನೆರಡು ಚೀಲ ಚೆರ್ರಿಗಿಂತಲೂ ಕಡಿಮೆ! ಇದರ ಹಿಂದಿದ್ದವರು ತತ್ಸುವೊ ಹಸೆಗಾವಾ. ಯುದ್ಧಕಾಲದಲ್ಲಿ ವಿಮಾನಗಳ ವಿನ್ಯಾಸ ಮಾಡಿದ್ದ ಎಂಜಿನಿಯರರು. ತೂಕ ಇಳಿಸುವುದು, ಗಾಳಿಯ ತಡೆ ತಗ್ಗಿಸುವುದು ಅವರಿಗೆ ಕರಗತವಾದ ವಿದ್ಯೆ.

ದೊಡ್ಡದರ ಠೀವಿಯೇ ಬೇರೆ. ಯಮಾಹಾದವರ ಜೊತೆಗೂಡಿ ಮಾಡಿದ ಆರು ಸಿಲಿಂಡರಿನ ಎಂಜಿನ್, 150 ಅಶ್ವಶಕ್ತಿ, ನಾಲ್ಕು ಗಾಲಿಗಳಿಗೂ ಡಿಸ್ಕ್ ಬ್ರೇಕು. ಯಮಾಹಾ ಸಂಗೀತ ವಾದ್ಯಗಳ ಮನೆತನವಲ್ಲವೆ, ಒಳಗಿನ ಮರಗೆಲಸವೂ ಅವರದೇ. 1966ರ ಅಕ್ಟೋಬರಿನಲ್ಲಿ ಯಾತಾಬೆಯ ಪರೀಕ್ಷಾ ಪಥದಲ್ಲಿ ಈ ಕಾರು 78 ಗಂಟೆ ಓಡಿ, ಗಂಟೆಗೆ ಸರಾಸರಿ 206 ಕಿ.ಮೀ. ವೇಗದಲ್ಲಿ ಹತ್ತು ಸಾವಿರ ಮೈಲಿ ಪೂರೈಸಿತು. 1967ರ ಜೇಮ್ಸ್ ಬಾಂಡ್ ಚಿತ್ರದಲ್ಲಿಯೂ ಕಾಣಿಸಿಕೊಂಡಿತು. ನಾಯಕ ನಟ ಶಾನ್ ಕಾನರಿಯ ಎತ್ತರಕ್ಕೆ ಒಳಗೆ ಜಾಗ ಸಾಲದೆ, ಚಿತ್ರಕ್ಕಾಗಿಯೇ ಮಾಡು ತೆಗೆದು ಹಾಕಿದರು.

ಇನ್ನು ಲೆಕ್ಕಕ್ಕೆ ಬರೋಣ. ಚಿಕ್ಕದರ ಬೆಲೆ 5,95,000 ಯೆನ್, ದೊಡ್ಡದರದು 23,80,000 ಯೆನ್. ಸರಿಯಾಗಿ ನಾಲ್ಕು ಪಟ್ಟು. ಶಕ್ತಿ ಮಾತ್ರ ಮೂರು ಪಟ್ಟಿಗೆ ಸ್ವಲ್ಪ ಹೆಚ್ಚು. ಒಂದು ಅಶ್ವಶಕ್ತಿಗೆ ಚಿಕ್ಕದರಲ್ಲಿ ಸುಮಾರು 13,200 ಯೆನ್, ದೊಡ್ಡದರಲ್ಲಿ 15,900 ಯೆನ್ ಬೀಳುತ್ತದೆ. ವೇಗದಲ್ಲಿ ದೊಡ್ಡದೇ ಮುಂದು, ಅದರಲ್ಲಿ ವಾದವಿಲ್ಲ. ಆದರೆ 1966ರ ಸುಜುಕಾ 500 ಕಿ.ಮೀ. ಪಂದ್ಯದಲ್ಲಿ ಏನಾಯಿತೆಂದು ನೋಡಿ. ಹೆಚ್ಚು ಶಕ್ತಿಯ ಕಾರುಗಳು ಪೆಟ್ರೋಲಿಗಾಗಿ ನಿಂತವು. ಸ್ಪೋರ್ಟ್ಸ್ 800 ನಿಲ್ಲಲೇ ಇಲ್ಲ. ಮೊದಲ ಎರಡು ಸ್ಥಾನಗಳೂ ಅದಕ್ಕೇ ಬಂದವು. ಕಡಿಮೆ ಗೊಬ್ಬರದಲ್ಲಿ ಒಳ್ಳೆಯ ಇಳುವರಿ ಎತ್ತಿದ ನೆರೆಯವನ ತೋಟವನ್ನು ಬೇಲಿಯಾಚೆಯಿಂದ ನೋಡಿದಷ್ಟೇ ಖುಷಿ ನನಗೆ ಈ ಸಂಗತಿಯಿಂದ ಆಗುತ್ತದೆ.

2000 ಜಿಟಿ ತಯಾರಾದದ್ದು ಮುನ್ನೂರೈವತ್ತರ ಆಸುಪಾಸು ಮಾತ್ರ. 2013ರಲ್ಲಿ ಅಂಥದೊಂದು ಹರಾಜಿನಲ್ಲಿ ಹತ್ತು ಲಕ್ಷ ಡಾಲರ್ ದಾಟಿತು. ಚಿಕ್ಕದು ಮೂರು ಸಾವಿರಕ್ಕೂ ಮಿಕ್ಕಿ ಹೊರಬಂತು. ಅದರ ಹಸೆಗಾವಾ ಅವರೇ 1966ರ ಕೊರೊಲ್ಲಾ ಕಾರಿನ ಮುಖ್ಯ ಎಂಜಿನಿಯರರೂ ಆಗಿದ್ದರು. ಕಂಪೆನಿಗೆ ಹೆಸರು ತಂದದ್ದು ದೊಡ್ಡದಾದರೂ ಅನ್ನ ಕೊಟ್ಟದ್ದು ಚಿಕ್ಕದರ ದಾರಿಯೇ ಎಂದು ನನ್ನ ಎಣಿಕೆ.

ಆಯ್ಕೆ ನನಗೆ ಬಿಟ್ಟರೆ ಸ್ಪೋರ್ಟ್ಸ್ 800 ಸಾಕು. ಮಳೆಗಾಲದ ತೋಟದ ರಸ್ತೆಗೆ ಮಾತ್ರ ಎರಡೂ ಬೇಡ, ಜೀಪೇ ಆಗಬೇಕು.