ನಿಮಗಿದು ಗೊತ್ತೆ? ಕೊಳದ ಕಳೆಗೆ ಹುಳುವೇ ಮದ್ದು!

ಹಿತ್ತಲ ಕೊಳದ ನೀರೇ ಕಾಣದಂತೆ ಹಬ್ಬುವ ಸಾಲ್ವೀನಿಯಾ ಬ್ರೆಜಿಲ್ ಮೂಲದ ಜರಿಗಿಡ. ಬೀಜವಿಲ್ಲ, ಮೊಗ್ಗಿರುವ ಒಂದು ಚೂರು ಉಳಿದರೂ ಮತ್ತೆ ಚಿಗುರುತ್ತದೆ. ಎಲೆಯ ಮೇಲಿನ ರೋಮಗಳನ್ನು ಭೂತಗನ್ನಡಿಯಲ್ಲಿ ನೋಡಿ: ತುದಿಯಲ್ಲಿ ನಾಲ್ಕು ಎಳೆ ಕೂಡಿ ಪುಟ್ಟ ಪಂಜರದಂತಿರುತ್ತವೆ. ಹಾಗಾಗಿ ಎಲೆಗೆ ನೀರು ಅಂಟುವುದೇ ಇಲ್ಲ.

1980ರ ದಶಕದಲ್ಲಿ ವಿಜ್ಞಾನಿಗಳು ಬೆಂಗಳೂರಿನ ನೈದಿಲೆ ಕೊಳವೊಂದಕ್ಕೆ ಸಾಲ್ವೀನಿಯಾವನ್ನೇ ತಿಂದು ಬದುಕುವ, ಸುಮಾರು 2 ಮಿಲಿಮೀಟರ್ ಉದ್ದದ ಮೂತಿಹುಳುಗಳನ್ನು ಬಿಟ್ಟರು. ವರ್ಷ ತುಂಬುವುದರೊಳಗೆ ಕಳೆ ನೆಲಕಚ್ಚಿತು! ಆಮೇಲೆ ಕೇರಳದಲ್ಲೂ ಈ ಹುಳು ಕೈಹಿಡಿಯಿತು.

ಮನೆಯ ಪುಟ್ಟ ಕೊಳಕ್ಕೆ ಹುಳು ಬೇಕಿಲ್ಲ, ಜಾಲರಿ ಸಾಕು. ತೆಗೆದ ಕಳೆಯನ್ನು ದಡದಲ್ಲೇ ಬಿಟ್ಟರೆ ಮಳೆಗೆ ಮತ್ತೆ ನೀರಿಗಿಳಿಯುತ್ತದೆ. ದೂರದ ಗೊಬ್ಬರದ ಗುಂಡಿಗೆ ಹಾಕಿ.