ಸಹಿ ಮಾತ್ರ ಹಾಕಿದ್ದೆ ಅಂದ್ರೆ ಬಿಡ್ತಾರಾ?

ಮೊನ್ನೆ ಕಾರ್ಯಕ್ರಮ ನಡೀತಿರುವಾಗ ಒಬ್ಬ ಹೆಣ್ಣುಮಗಳ ಫೋನ್ ಬಂತು. ಹೆಸರು, ಊರು ಬೇಡ. ಆಕೆ ಹೇಳಿದ್ದು ಇಷ್ಟು: "ಸಾರ್, ನಾನು ನಮ್ಮೂರ ಸೊಸೈಟಿ ಡೈರೆಕ್ಟರು. ಮಹಿಳಾ ಮೀಸಲಲ್ಲಿ ಗೆದ್ದೋಳು. ಮೀಟಿಂಗ್‌ಗೆ ನಮ್ಮ ಯಜಮಾನ್ರು ಹೋಗ್ತಿದ್ರು. ನಡಾವಳಿ ಪುಸ್ತಕ ಮನೆಗೆ ಬರ್ತಿತ್ತು, ಸಹಿ ಹಾಕಿ ಕಳಿಸ್ತಿದ್ದೆ. ಈಗ ನೋಟಿಸ್ ಬಂದಿದೆ. ನಾನು ಒಂದು ರೂಪಾಯಿನೂ ಮುಟ್ಟಿಲ್ಲ. ನಮ್ಮ ಮನೆ ಹೋಗುತ್ತಾ ಸಾರ್?"

ಆ ಪ್ರಶ್ನೆಗೆ ಎರಡು ನಿಮಿಷದಲ್ಲಿ ಉತ್ತರ ಹೇಳೋಕಾಗಲಿಲ್ಲ. ಇವತ್ತು ಹೇಳ್ತೀನಿ. ಯಾಕಂದ್ರೆ ಇದು ಆಕೆಯೊಬ್ಬರ ಪ್ರಶ್ನೆ ಅಲ್ಲ. ನಮ್ಮ ರಾಜ್ಯದ ಸಾವಿರಾರು ಸಹಕಾರ ಸಂಘಗಳಲ್ಲಿ, ಸರ್ಕಾರದ ನಿಗಮಗಳಲ್ಲಿ ನಿರ್ದೇಶಕರಾಗಿ ಕೂತಿರುವ ಪ್ರತಿಯೊಬ್ಬರದೂ ಹೌದು.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕೋಣ. ಸಂಘಕ್ಕೆ ನಷ್ಟವಾದ ಮಾತ್ರಕ್ಕೆ ನಿರ್ದೇಶಕರ ಮನೆ ಜಪ್ತಿಯಾಗುವುದಿಲ್ಲ. ಸಂಘವೇ ಬೇರೆ, ನೀವೇ ಬೇರೆ. ಕಾನೂನಿನ ಕಣ್ಣಲ್ಲಿ ಸಂಘ ಒಬ್ಬ ಸ್ವತಂತ್ರ ವ್ಯಕ್ತಿ ಇದ್ದ ಹಾಗೆ. ಅದರ ಸಾಲ ಅದರದ್ದು. ಮಳೆ ಕೈಕೊಟ್ಟು ರೈತರು ಸಾಲ ಕಟ್ಟಲಿಲ್ಲ, ಸಂಘ ನಷ್ಟಕ್ಕೆ ಬಿತ್ತು ಅಂದ್ರೆ ಅದಕ್ಕೆ ನಿರ್ದೇಶಕರು ಜೇಬಿಂದ ಕೊಡಬೇಕಿಲ್ಲ. ಆದರೆ ಆ ನಷ್ಟ ನಿಮ್ಮ ತಪ್ಪಿನಿಂದ ಆಗಿದ್ದರೆ? ಅಲ್ಲಿಗೆ ಆ ಗೋಡೆ ಬಿತ್ತು. ಕಾನೂನು ನೇರವಾಗಿ ನಿಮ್ಮ ಹತ್ತಿರ ಬರುತ್ತೆ. ಬರೋದಕ್ಕೆ ಮೂರು ದಾರಿ ಇವೆ.

ಮೊದಲನೇ ದಾರಿ ಸರ್ಚಾರ್ಜ್. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ 69ನೇ ಕಲಂ ಇದನ್ನ ಹೇಳುತ್ತೆ. ಲೆಕ್ಕಪರಿಶೋಧನೆಯಲ್ಲೋ ವಿಚಾರಣೆಯಲ್ಲೋ ತಪ್ಪು ಕಂಡುಬಂದರೆ ಸಹಕಾರ ಇಲಾಖೆಯ ನಿಬಂಧಕರು ನೋಟಿಸ್ ಕೊಡುತ್ತಾರೆ. ಕಾಯ್ದೆಗೋ ಬೈಲಾಗೋ ವಿರುದ್ಧವಾಗಿ ಹಣ ಪಾವತಿ ಮಾಡಿದ್ದು, ನಂಬಿಕೆ ದ್ರೋಹ, ಉದ್ದೇಶಪೂರ್ವಕ ನಿರ್ಲಕ್ಷ್ಯದಿಂದ ಸಂಘದ ಆಸ್ತಿ ಕರಗಿಸಿದ್ದು, ಹಣ ನುಂಗಿದ್ದು: ಇವು ಅದರಲ್ಲಿ ಬರುವ ತಪ್ಪುಗಳು. ನಿಮ್ಮ ಮಾತು ಕೇಳಿದ ಮೇಲೆ, ಇಷ್ಟು ಹಣ ಬಡ್ಡಿ ಸಮೇತ ನೀವೇ ಕಟ್ಟಿ ಅಂತ ಆದೇಶ ಮಾಡಬಹುದು. ಗಮನಿಸಿ, ಇದು ಬರೀ ಹಾಲಿ ನಿರ್ದೇಶಕರಿಗಲ್ಲ, ಮಾಜಿಗಳಿಗೂ ಅನ್ವಯ. ರಾಜೀನಾಮೆ ಕೊಟ್ಟುಬಿಟ್ಟೆ, ನನಗೂ ಅದಕ್ಕೂ ಸಂಬಂಧ ಇಲ್ಲ ಅನ್ನೋ ಮಾತು ನಡೆಯಲ್ಲ.

ಎರಡನೇ ದಾರಿ ಪೊಲೀಸ್ ಠಾಣೆಯದ್ದು. ಭ್ರಷ್ಟಾಚಾರ ತಡೆ ಕಾಯ್ದೆ, 1988 ಯಾರನ್ನ 'ಸಾರ್ವಜನಿಕ ಸೇವಕ' ಅಂತ ಕರೆಯುತ್ತೆ ಗೊತ್ತಾ? ಸರ್ಕಾರಿ ನೌಕರರನ್ನ ಮಾತ್ರ ಅಲ್ಲ. ಸರ್ಕಾರದಿಂದ ಹಣಕಾಸಿನ ನೆರವು ಪಡೆದ ಕೃಷಿ, ಕೈಗಾರಿಕೆ, ವ್ಯಾಪಾರ, ಬ್ಯಾಂಕಿಂಗ್ ಸಹಕಾರ ಸಂಘಗಳ ಅಧ್ಯಕ್ಷ, ಕಾರ್ಯದರ್ಶಿ, ಪದಾಧಿಕಾರಿಗಳೂ ಅದರಲ್ಲಿ ಸೇರುತ್ತಾರೆ. ಖಾದಿ ತೊಟ್ಟು ಕೂತ ಊರ ಗೌಡರೂ ಆ ಲೆಕ್ಕದಲ್ಲಿ ಸಾರ್ವಜನಿಕ ಸೇವಕರೇ. ಇದರ ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ಇದೆ, ಹಳೇ ಐಪಿಸಿಯ 409 ಈಗ ಅದರೊಳಗೆ ಸೇರಿದೆ. ಸಾರ್ವಜನಿಕ ಸೇವಕ ತನಗೆ ಒಪ್ಪಿಸಿದ ಹಣಕ್ಕೆ ದ್ರೋಹ ಮಾಡಿದರೆ ಹತ್ತು ವರ್ಷದವರೆಗೆ ಜೈಲು, ಜೀವಾವಧಿಯೂ ಆಗಬಹುದು.

ಮೂರನೇ ದಾರಿ ನಿಗಮಗಳಿಗೆ ಸಂಬಂಧಿಸಿದ್ದು. ನಮ್ಮ ಬಹುತೇಕ ಅಭಿವೃದ್ಧಿ ನಿಗಮಗಳು ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಗಳು. 2013ರ ಆ ಕಾಯ್ದೆಯ 166ನೇ ಕಲಂ ನಿರ್ದೇಶಕರ ಕರ್ತವ್ಯ ಹೇಳುತ್ತೆ: ಪ್ರಾಮಾಣಿಕತೆ, ಎಚ್ಚರಿಕೆ, ಸ್ವಂತ ಬುದ್ಧಿಯಿಂದ ತೀರ್ಮಾನ. ಮುರಿದರೆ 1 ಲಕ್ಷದಿಂದ 5 ಲಕ್ಷದವರೆಗೆ ದಂಡ. ವಂಚನೆ ಸಾಬೀತಾದರೆ 447ನೇ ಕಲಂ ಪ್ರಕಾರ ಹತ್ತು ವರ್ಷದವರೆಗೆ ಜೈಲು. 2024ರಲ್ಲಿ ವಾಲ್ಮೀಕಿ ಅಭಿವೃದ್ಧಿ ನಿಗಮದ ವಿಚಾರ ಇಡೀ ರಾಜ್ಯ ನೋಡಿತು. ಪರಿಶಿಷ್ಟ ಪಂಗಡದವರ ಏಳಿಗೆಗೆ ಮೀಸಲಿಟ್ಟ ಕೋಟಿ ಕೋಟಿ ಹಣ ಯಾರ್ಯಾರದೋ ಖಾತೆಗೆ ಹೋಯಿತು ಅನ್ನೋ ಆರೋಪ. ತಪ್ಪಿತಸ್ಥರು ಯಾರು ಅಂತ ತೀರ್ಮಾನ ಮಾಡೋದು ಕೋರ್ಟು, ನಾನಲ್ಲ. ನನ್ನ ಪ್ರಶ್ನೆ ಬೇರೆ. ಇಂಥ ನಿಗಮಗಳ ಬೋರ್ಡಿಗೆ ರಾಜಕೀಯ ಪುನರ್ವಸತಿ ಅಂತ ಹೋಗಿ ಕೂರುವವರು ಒಂದಾದರೂ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿ ನೋಡ್ತಾರಾ? ಕಾರು, ಚೇಂಬರ್ ಕೇಳಿದಷ್ಟೇ ಜೋರಾಗಿ ಲೆಕ್ಕನೂ ಕೇಳ್ತಾರಾ?

ಹಾಗಾದ್ರೆ ನಿರ್ದೇಶಕ ಆಗೋದೇ ತಪ್ಪಾ? ಖಂಡಿತ ಅಲ್ಲ. ಗದಗದ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಒಳ್ಳೆಯವರು ಹೆದರಿ ಹೊರಗೆ ನಿಂತರೆ ಆ ಕುರ್ಚಿ ಖಾಲಿ ಇರಲ್ಲ, ಹೆದರದೇ ಇರುವವರು ಬಂದು ಕೂರ್ತಾರೆ. ಕಾನೂನಿಗೂ ಇದು ಗೊತ್ತಿದೆ. ಕಂಪನಿ ಕಾಯ್ದೆಯ 149(12) ನೋಡಿ. ದೈನಂದಿನ ಆಡಳಿತದಲ್ಲಿ ಇಲ್ಲದ ನಿರ್ದೇಶಕ ಹೊಣೆಯಾಗೋದು ಯಾವಾಗ? ಮಂಡಳಿಯ ಕಲಾಪದ ಮೂಲಕ ಅವನಿಗೆ ಗೊತ್ತಿದ್ದು ಅವನ ಒಪ್ಪಿಗೆಯಿಂದಲೋ ಶಾಮೀಲಿನಿಂದಲೋ ತಪ್ಪು ನಡೆದಾಗ, ಅಥವಾ ಅವನು ಎಚ್ಚರಿಕೆಯಿಂದ ನಡೆದುಕೊಳ್ಳದೇ ಇದ್ದಾಗ. ಪ್ರಾಮಾಣಿಕವಾಗಿ, ವಿವೇಚನೆಯಿಂದ ನಡೆದುಕೊಂಡವರಿಗೆ 463ನೇ ಕಲಂ ಅಡಿ ಕೋರ್ಟು ವಿನಾಯಿತಿ ಕೊಡಬಹುದು. ಅಂದ್ರೆ ತಪ್ಪು ಲೆಕ್ಕಾಚಾರಕ್ಕೆ ಕ್ಷಮೆ ಸಿಗಬಹುದು. ಕಣ್ಣು ಮುಚ್ಚಿ ಕೂತಿದ್ದಕ್ಕೆ ಸಿಗೋದು ಕಷ್ಟ.

ಆದ್ದರಿಂದ ನಿರ್ದೇಶಕರಾಗಿರುವ ವೀಕ್ಷಕರಿಗೆ ನಾಲ್ಕು ಮಾತು. ಸಭೆಗೆ ನೀವೇ ಹೋಗಿ. ಗೆದ್ದವರು ನೀವು, ಮನೆಯವರಲ್ಲ. ನಡಾವಳಿ ಓದದೆ ಸಹಿ ಹಾಕಬೇಡಿ, ಖಾಲಿ ಹಾಳೆಗಂತೂ ಬೇಡವೇ ಬೇಡ. ಒಪ್ಪಿಗೆ ಇಲ್ಲದ ಠರಾವಿಗೆ 'ನನ್ನ ವಿರೋಧವಿದೆ' ಅಂತ ಪುಸ್ತಕದಲ್ಲೇ ಬರೆಸಿ. ಬಾಯಲ್ಲಿ ಹೇಳಿದ್ದು ನಾಳೆ ಯಾರಿಗೂ ನೆನಪಿರಲ್ಲ, ಬರೆದ ಒಂದು ಸಾಲು ನಿಮ್ಮನ್ನ ಉಳಿಸುತ್ತೆ. ಕೊನೇದಾಗಿ, ವರ್ಷಕ್ಕೊಮ್ಮೆ ಆಡಿಟ್ ವರದಿ ಬಂದಾಗ ಆಕ್ಷೇಪಣೆಗಳ ಪುಟ ತೆಗೆದು, ಇದಕ್ಕೆ ಏನು ಉತ್ತರ ಅಂತ ಸೆಕ್ರೆಟರಿಯನ್ನ ಕೇಳಿ. ಕೇಳಿದ್ದನ್ನೂ ದಾಖಲು ಮಾಡಿಸಿ.

ಈಗ ಫೋನ್ ಮಾಡಿದ್ದ ಅಕ್ಕನಿಗೆ. ಅಕ್ಕಾ, ನೋಟಿಸ್ ಅಂದ್ರೆ ತೀರ್ಪಲ್ಲ. ಆದ್ರೆ ಅದನ್ನ ದೇವರ ಪಟದ ಹಿಂದೆ ಸಿಕ್ಕಿಸಿ ಇಡಬೇಡಿ. ಕೊಟ್ಟ ಗಡುವಿನೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ. ಆಡಿಟ್ ವರದಿ, ನಡಾವಳಿಯ ನಕಲು ಕೇಳಿ ಪಡೀರಿ. ಸಹಕಾರ ಕಾನೂನು ಗೊತ್ತಿರುವ ವಕೀಲರನ್ನ ಕಾಣಿ. ನೀವು ಹಣ ಮುಟ್ಟಿಲ್ಲ ಅನ್ನೋದು ನಿಮ್ಮ ಪರವಾಗಿ ಇರುವ ದೊಡ್ಡ ಮಾತು, ಅದನ್ನ ದಾಖಲೆ ಇಟ್ಟು ಹೇಳಿ. ಆದೇಶ ವಿರುದ್ಧವಾಗಿ ಬಂದರೂ ಮೇಲ್ಮನವಿಗೆ ದಾರಿ ಇದೆ. 'ನಾನು ಸಹಿ ಮಾತ್ರ ಹಾಕಿದ್ದೆ' ಅಂತ ಮಾತ್ರ ಹೇಳಬೇಡಿ. ಓದದೇ ಒಪ್ಪಿದೆ ಅಂತ ನೀವೇ ಬರೆದುಕೊಟ್ಟ ಹಾಗಾಗುತ್ತೆ. ಇನ್ನು ಯಜಮಾನ್ರಿಗೆ ಹೇಳಿ, ಮುಂದಿನ ಮೀಟಿಂಗ್‌ಗೆ ನಾನೇ ಹೋಗ್ತೀನಿ ಅಂತ.