ನಿಮಗಿದು ಗೊತ್ತೆ? ಚಮಚ ಬೀಳಿಸುವುದು ಹಟವಲ್ಲ, ಪ್ರಯೋಗ!

• ವರ್ಷ ತುಂಬಿದ ಕೂಸು ಚಮಚ ಬೀಳಿಸುತ್ತದೆ, ಬಗ್ಗಿ ನೋಡುತ್ತದೆ. ಎತ್ತಿ ಕೊಟ್ಟರೆ ಮತ್ತೆ ಬೀಳಿಸಿ ನಗುತ್ತದೆ. ನಿಮ್ಮನ್ನು ಗೋಳುಹೊಯ್ದುಕೊಳ್ಳಲು ಅಲ್ಲ, ಕಲಿಯಲು!

• ಸ್ವಿಟ್ಜರ್‌ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ (1896–1980) ತಮ್ಮ ಮೂವರು ಮಕ್ಕಳ ಇಂಥ ಆಟಗಳನ್ನೇ ಗಮನಿಸಿ ಬರೆದಿಟ್ಟರು. 1936ರಲ್ಲಿ ಅದು ಪುಸ್ತಕವಾಯಿತು. 12ರಿಂದ 18 ತಿಂಗಳ ಮಕ್ಕಳು ವಸ್ತುಗಳನ್ನು ಬೇರೆ ಬೇರೆ ರೀತಿಯಲ್ಲಿ ಬೀಳಿಸಿ, ಏನಾಗುತ್ತದೆಂದು ಪರೀಕ್ಷಿಸುತ್ತಾರೆ ಎಂದು ಅವರು ಗುರುತಿಸಿದರು.

• ಗದರುವ ಬದಲು ಸ್ಟೀಲ್ ಲೋಟ, ಮರದ ಸೌಟು, ಮಡಚಿದ ಕರವಸ್ತ್ರ ಕೊಡಿ. ಒಂದು ಠಣ್ ಎನ್ನುತ್ತದೆ, ಇನ್ನೊಂದು ಟಕ್ ಎನ್ನುತ್ತದೆ, ಮೂರನೆಯದು ಸದ್ದೇ ಮಾಡುವುದಿಲ್ಲ. ಜೊತೆಗೆ ‘ಬಿತ್ತು’, ‘ಮೇಲೆ’, ‘ಕೆಳಗೆ’ ಎನ್ನುತ್ತಿದ್ದರೆ ಮಾತೂ ಕಲಿತಂತಾಯಿತು.

• ಬಿದ್ದದ್ದನ್ನು ಬುಟ್ಟಿಗೆ ತುಂಬುವುದನ್ನೂ ಆಟವಾಗಿಸಿ. ಎತ್ತಿಡುವ ಅಭ್ಯಾಸ ಬೆಳೆಯುತ್ತದೆ.

• ಆಟವನ್ನು ಥಟ್ಟನೆ ನಿಲ್ಲಿಸಿದರೆ ರಂಪ. ‘ಇನ್ನೆರಡು ಸಲ, ಆಮೇಲೆ ಸ್ನಾನ’ ಎಂದು ಮೊದಲೇ ಹೇಳಿ, ಹೇಳಿದಂತೆಯೇ ನಡೆದುಕೊಳ್ಳಿ.

• ಎಚ್ಚರ: ಹುಣಸೆಬೀಜ, ಕಡಲೆಕಾಯಿ ಬೀಜ, ಗುಂಡಿ, ನಾಣ್ಯ ಕೈಗೆ ಸಿಗದಿರಲಿ. ಗಂಟಲಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ.